ಗೋಡೆಗೆ ಬಾರದ ಪಾಠ

ನಮ್ಮ ಊರಿನ ವಿದ್ಯಾಪೀಠಕ್ಕೆ ಹೋಗಬೇಕಾದರೆ ಹೊಳೆಯ ಮೇಲಿನ ಸೇತುವೆ ದಾಟಬೇಕು. ದಾಟಿ, ಮೆಟ್ಟಿಲು ಹತ್ತಿ, ಭೂಗೋಳದ ಕೋಣೆಯಲ್ಲಿ ಕೂತು, ಸೇತುವೆಯ ಕೆಂಪು ಧೂಳು ಚಪ್ಪಲಿಯಲ್ಲಿ ಇನ್ನೂ ಹಾಗೇ ಇರುವಾಗ ನಾವು ಬರೆದುಕೊಳ್ಳುತ್ತಿದ್ದೆವು: ಈ ಊರಿನ ಹೊಳೆಗೆ ಸೇತುವೆ ಇಲ್ಲ. ಗೋಡೆ ಹಾಗೆ ಹೇಳುತ್ತಿತ್ತು. ಅದು ಇಟಗಿ ಮಾಸ್ತರರ ದನಿ. ಮಾಸ್ತರರು ತೀರಿಕೊಂಡಾಗ ನನ್ನ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಸೇತುವೆ ಇದೆ ಎಂದು ಪರೀಕ್ಷೆಯಲ್ಲಿ ಬರೆದು ಯಾವ ಕಾಲಕ್ಕೋ ಒಬ್ಬ ಹುಡುಗ ನಪಾಸಾದನಂತೆ. ಅವನ ಕಥೆಯನ್ನು ಹೊಸದಾಗಿ ಸೇರಿದವರಿಗೆಲ್ಲ ಹೇಳಿ ಎಚ್ಚರಿಸುವುದಿತ್ತು. ಅವನು ಮುಂದೆ ಅದೇ ಸೇತುವೆಯ ಬದಿಗೆ ಚಹಾದ ಅಂಗಡಿ ಇಟ್ಟ ಎಂದು ಸೇರಿಸಿ ನಗುತ್ತಿದ್ದರು. ಚಹಾ ಚೆನ್ನಾಗಿರುತ್ತಿತ್ತು.

ಕೋಣೆಗಳಿಗೆಲ್ಲ ಒಬ್ಬೊಬ್ಬ ಮಾಸ್ತರರ ದನಿ. ಗಂಟೆ ಹೊಡೆದ ಕೂಡಲೇ ಗೋಡೆ ಗಂಟಲು ಸರಿಮಾಡಿಕೊಳ್ಳುವುದು, ಹಾಜರಿ ಕೂಗುವುದು. ಕೂಗುತ್ತಿದ್ದದ್ದು ಆ ಕಾಲದ ಹುಡುಗರ ಹೆಸರುಗಳನ್ನು. ಹಾಗಾಗಿ ವರ್ಷದ ಮೊದಲ ದಿನವೇ ನಾವು ಹೆಸರು ಹಂಚಿಕೊಳ್ಳುತ್ತಿದ್ದೆವು. ಭೂಗೋಳದಲ್ಲಿ ನಾನು ಗುರುಸಿದ್ಧಯ್ಯ. ನನ್ನ ಗೆಳತಿ ಶಾಕಿರಾಳ ಪಾಲಿಗೆ ಶಾಮರಾವ್ ಕುಲಕರ್ಣಿ. ಗೋಡೆ ಕೂಗಿ ಒಂದು ಗಳಿಗೆ ಸುಮ್ಮನಾಗುವುದು. ಆ ಸಂದಿನಲ್ಲಿ 'ಹಾಜರ್ ಸರ್' ಎನ್ನಬೇಕು. ಅನ್ನದಿದ್ದರೂ ಗೋಡೆಗೆ ಏನೂ ಆಗುವುದಿಲ್ಲ, ಆದರೆ ಹಿರಿಯರಿಗೆ ಅಗೌರವ ಎಂದು ಎಲ್ಲರೂ ಅನ್ನುತ್ತಿದ್ದರು. ನಗೆಮಾತಿಗೂ ಹೀಗೇ ಸಂದು ಬಿಟ್ಟಿರುತ್ತಿತ್ತು. ಯಾವುದೋ ಮಾಮಲೇದಾರನ ರುಮಾಲಿನ ಬಗ್ಗೆ ಒಂದು ಹಾಸ್ಯವಿತ್ತು. ಯಾರ ಮಾಮಲೇದಾರ, ಎಂಥ ರುಮಾಲು, ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರೂ ಒಟ್ಟಿಗೆ, ಸರಿಯಾದ ಜಾಗದಲ್ಲಿ, ಸರಿಯಾದಷ್ಟು ನಗುತ್ತಿದ್ದೆವು. ತರ್ಕಶಾಸ್ತ್ರದ ಕೋಣೆಯ ಹಿಂದಿನ ಬೆಂಚಿನಲ್ಲಿ ಗುರುವಾರಗಳಂದು ಬಿಳಿ ಸೀರೆಯ ಒಬ್ಬ ಮುದುಕಿ ಬಂದು ಕೂರುತ್ತಿದ್ದಳು. ಗೋಡೆಯಲ್ಲಿ ದನಿ ಉಳಿಸಿ ಹೋದ ಅಲ್ಲಿಯ ಮಾಸ್ತರರ ಹೆಂಡತಿ. ಪಾಠದ ನಡುವೆ ಅವರು ಎರಡು ಸಲ ಕೆಮ್ಮುತ್ತಾರೆ. ಕೆಮ್ಮಿದಾಗ ಅವಳು ತಲೆಯೆತ್ತಿ ನೋಡಿ, ಮತ್ತೆ ಬತ್ತಿ ಹೊಸೆಯತೊಡಗುವಳು. ನಾವು ಅವಳನ್ನು ಕಂಡು ಮುಸಿಮುಸಿ ನಗುತ್ತ ಆ ಕೆಮ್ಮನ್ನೂ ಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆವು.

ಸಾಹಿತ್ಯದ ಕೋಣೆಯಲ್ಲಿ ನನ್ನ ಪಾಲಿಗೆ ಬಂದ ಹೆಸರು ಅಂಬಾಬಾಯಿ. ಅದೆಂದರೆ ನನಗೆ ಪ್ರೀತಿ. ಏಕೆಂದರೆ ಅಂಬಾಬಾಯಿ ಆ ಕಾಲದಲ್ಲಿ ಕಾಲೇಜಿಗೇ ಬರುತ್ತಿರಲಿಲ್ಲ. 'ಅಂಬಾಬಾಯಿ' ಎಂದು ಕೂಗಿ, ಕಾದು, 'ಇವತ್ತೂ ಬಂದಿಲ್ಲ' ಎಂದು ಗೋಡೆ ಮುಂದಿನ ಹೆಸರಿಗೆ ಹೋಗುತ್ತಿತ್ತು. ಆ ಹೆಸರು ಸಿಕ್ಕವರು ಬಾಯಿ ಬಿಡಬಾರದು. ಬಾಯಿ ಬಿಡದಿರುವುದು ನನಗೆ ಹುಟ್ಟಿನಿಂದ ಬಂದದ್ದು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹೇಳಬೇಕಾದದ್ದನ್ನೆಲ್ಲ ಸಂಜೆ ಡೈರಿಯಲ್ಲಿ ಬರೆದು ಮುಗಿಸುತ್ತಿದ್ದೆ. ನನ್ನಂಥವಳಿಗೆ ಆ ಗೋಡೆಗಳು ತವರುಮನೆಯಿದ್ದ ಹಾಗೆ. ಅವು ಏನನ್ನೂ ಕೇಳುತ್ತಿರಲಿಲ್ಲ.

ಬದುಕಿರುವ ಮಾಸ್ತರರೂ ಇದ್ದರು, ಅವರ ಕೋಣೆಗಳು ಇನ್ನೂ ಕಲಿಯುತ್ತಿದ್ದವು. ಕೋಣೆ ಕಲಿತ ಮೇಲೆ ಮಾಸ್ತರರಿಗೆ ಬಿಡುಗಡೆ. ಶಾಲು, ತೆಂಗಿನಕಾಯಿ, ಪೂರ್ತಿ ಸಂಬಳ, ಗೋಡೆಗೆ ಅವರದೇ ಒಂದು ಫೋಟೊ. ಹಾಗಾಗಿ ಹೆಚ್ಚಿನವರು ವರ್ಷ ವರ್ಷವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಿದ್ದರು, ನಮಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ. ಮೂರೇ ವರ್ಷಕ್ಕೆ ಕೋಣೆ ಕಲಿಸಿದ ಒಬ್ಬ ಮಾಸ್ತರರ ಹೆಸರು ಹೇಳಿ ಊರಿನ ತಾಯಂದಿರು ಮಕ್ಕಳನ್ನು ಹುರಿದುಂಬಿಸುತ್ತಿದ್ದರು. ಪಾಠದ ನಡುವೆ ಯಾರಾದರೂ ಸೀನಿದರೆ ಮಾಸ್ತರರು ನೊಂದುಕೊಂಡು, ಮೊದಲಿನಿಂದ ಶುರುಮಾಡುತ್ತಿದ್ದರು.

ಚರಿತ್ರೆಯ ದಾಕ್ಷಾಯಿಣಿ ಮೇಡಂ ಮಾತ್ರ ನಮ್ಮ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದರು. ದಪ್ಪ ಕನ್ನಡಕ, ಇಳಕಲ್ಲ ಸೀರೆ, ಕೈಯಲ್ಲಿ ಯಾವಾಗಲೂ ಒಂದು ಚೀಲ. ಮೊದಲ ದಿನವೇ ಬೆಂಚುಗಳ ನಡುವೆ ನಡೆದುಬಂದು ನನ್ನೆದುರು ನಿಂತರು.

"ಏನವಾ, ನಿನ್ನ ಹೆಸರೇನು?"

ಚರಿತ್ರೆಯ ಕೋಣೆ ಇನ್ನೂ ಕಲಿಯದ್ದರಿಂದ ಅಲ್ಲಿ ನಮಗೆ ಹಂಚಿಕೊಂಡ ಹೆಸರುಗಳಿರಲಿಲ್ಲ. ಗಾಬರಿಯಲ್ಲಿ ನಾನು "ಗುರುಸಿದ್ಧಯ್ಯ" ಎಂದುಬಿಟ್ಟೆ.

"ಆ ಹೆಸರಲ್ಲ. ನಿನ್ನ ಹೆಸರು."

ಯಾರೂ ನಗಲಿಲ್ಲ. ಎಲ್ಲರೂ ಅಂಥದೇ ಹೆಸರು ಹೇಳಲಿದ್ದವರು. ನಾನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ನಿಂತೆ. ಪಕ್ಕದಿಂದ ಶಾಕಿರಾ ನನ್ನ ಪರವಾಗಿ ಹೇಳಿದಳು: "ಕುಮುದಿನಿ ಅಂತ್ರಿ ಮೇಡಂ. ಆಕಿ ಮಾತಾಡೂದಿಲ್ರಿ. ತುಟ್ಟಿ ಆಗೇದ ಆಕಿ ಮಾತು."

ಅವರ ಪಾಠ ಹೀಗೆಂದು ಹೇಳಿಕೊಡುವುದು ಕಷ್ಟ. ಚೀಲದಿಂದ ಏನಾದರೊಂದು ತೆಗೆದು ಮೇಜಿನ ಮೇಲೆ ಇಡುವರು: ಹಲ್ಲು ಮುರಿದ ಬಾಚಣಿಗೆ, ಕೀಲಿಯಿಲ್ಲದ ಬೀಗ, ಯಾರದೋ ಮನೆಯ ಹೊಸ್ತಿಲಿನ ತುಂಡು. ಹೋದ ವರ್ಷ ತಂದದ್ದನ್ನು ಈ ವರ್ಷ ತರುತ್ತಿರಲಿಲ್ಲ. ಅದರ ಸುತ್ತಮುತ್ತಲಿನ ರಾಜರು, ಸುಂಕ, ಬರಗಾಲ, ಗುಳೆ ಎಲ್ಲವನ್ನೂ ಒಂದು ಹೊಸ ದಾರಿಯಿಂದ ಹೇಳಿಕೊಂಡು ಬಂದು, ಕೊನೆಗೆ ನಮ್ಮಲ್ಲಿ ಒಬ್ಬರ ಕಡೆ ತಿರುಗಿ ಕೇಳುವರು: "ಇದನ್ನ ನೋಡಿ ನಿನಗೇನು ಅನಸ್ತದ?" ಕೇಳಿ, ಕಾಯುವರು. ಅಂಥ ಕಾಯುವಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವಸರವಿಲ್ಲ, ಸಿಟ್ಟಿಲ್ಲ, ಹೊರಗೆ ಎಮ್ಮೆಗಳು ಹೊಳೆಗಿಳಿಯುವ ಸದ್ದು ಕೂಡ ಕೇಳುತ್ತಿತ್ತು. ನಾವು ಸುಮ್ಮನೆ ಕೂತಿರುತ್ತಿದ್ದೆವು. ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಕೆಲವರು 'ನಿನಗೇನು ಅನಸ್ತದ' ಎಂದೇ ಬರೆದುಕೊಳ್ಳುತ್ತಿದ್ದರು. ಕಡೆಗೆ ಮೇಡಂ, "ಇರ್ಲಿ. ನಾಳೆ ವಿಚಾರ ಮಾಡ್ಕೊಂಡು ಬಾ" ಎಂದು ವಸ್ತುವನ್ನು ಚೀಲಕ್ಕೆ ಹಾಕುವರು. ಮರುದಿನ ಮತ್ತೊಬ್ಬರಿಗೆ ಮತ್ತೊಂದು ಪ್ರಶ್ನೆ. ಅದಕ್ಕೂ ನಾವು ಸುಮ್ಮನೆ.

ಕೊನೆಯ ವರ್ಷ, ಮಾವಿನ ಹೂವಿನ ದಿನಗಳಲ್ಲಿ, ಒಂದು ಹಿತ್ತಾಳೆಯ ಸೌಟು ತಂದರು. ವಾಡೆಯೆನ್ನುವ ಹಳೇ ದೊಡ್ಡ ಮನೆಯೊಂದನ್ನು ಕೆಡವುವಾಗ ಸಿಕ್ಕಿದ್ದು. ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಅಂಚು ಒಂದು ಬದಿಗೆ ಸವೆದಿತ್ತು. ನನ್ನ ಕೈಗೆ ಬಂದಾಗ ಅಂಚನ್ನು ಬೆರಳಿನಿಂದ ಸವರಿ ನೋಡಿದೆ. ಎಲ್ಲ ಮನೆಯ ಸೌಟೂ ಎಡದ ಅಂಚಿನಲ್ಲಿ ಸವೆಯುತ್ತದೆ, ಇದು ಬಲಕ್ಕೆ ಸವೆದಿತ್ತು. ನಮ್ಮ ಮನೆಯ ಸೌಟಿನ ಹಾಗೆ. ನನ್ನ ಅವ್ವ ಎಡಚಿ. ಎಡಗೈ ಅಡುಗೆ ಯಾರು ಉಣ್ಣಬೇಕು ಎಂದು ಅಜ್ಜಿ ಅನ್ನುತ್ತಿದ್ದುದರಿಂದ ಅವ್ವ ಅಡುಗೆಮನೆಯ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ತಿರುವಿ, ಬಾಗಿಲು ತೆರೆದು ಬಲಗೈಯಲ್ಲಿ ಬಡಿಸುತ್ತಿದ್ದಳು. ಬಲಗೈ ನಡುಗಿ ಸಾರು ಚೆಲ್ಲಿದರೆ ಅದಕ್ಕೂ ಬೈಗುಳ.

"ಕುಮುದಿನಿ, ನಿನಗೇನು ಅನಸ್ತದ?"

ಉತ್ತರ ನನಗೆ ಗೊತ್ತಿತ್ತು. ಮೇಡಂ ಕಾದರು. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.

"ಇರ್ಲಿ. ನಾಳೆ ವಿಚಾರ ಮಾಡ್ಕೊಂಡು ಬಾ."

ಅವತ್ತು ಡೈರಿಯಲ್ಲಿ ಪುಟಗಟ್ಟಲೆ ಬರೆದೆ. ಮರುದಿನ ಹೋಗಿ ಹೇಳಲಿಲ್ಲ.

ಪರೀಕ್ಷೆ ಮುಗಿದ ವಾರದಲ್ಲಿ ನಮ್ಮಲ್ಲಿ 'ಗೋಡೆ ಕೇಳುವುದು' ನಡೆಯುತ್ತದೆ. ಕುಲಸಚಿವರೂ ಒಬ್ಬ ಹಿರಿಯ ಮಾಸ್ತರರೂ ಖಾಲಿ ಕೋಣೆಯಲ್ಲಿ ಕೂತು ಗೋಡೆ ಕಲಿತಿದೆಯೋ ಇಲ್ಲವೋ ಆಲಿಸುತ್ತಾರೆ. ವಿದ್ಯಾರ್ಥಿಯೇ ಇಲ್ಲದೆ ಪಾಠ ಹೇಗಾದೀತು ಎಂದು ಒಬ್ಬರನ್ನು ಸಾಕ್ಷಿಯಾಗಿ ಕೂರಿಸುವುದು ಪದ್ಧತಿ. ಸಾಕ್ಷಿ ಮಾತಾಡಬಾರದು. ಒಂದು ಪಾಠ ಎಡವದೆ ಮೂರು ಸಲ ಬಂತೆಂದರೆ ಕೋಣೆ ಕಲಿತಂತೆ. ಆ ವರ್ಷ ದಾಕ್ಷಾಯಿಣಿ ಮೇಡಂ ಅವರ ಕೋಣೆಯ ಸರದಿ ಬಂತು. ಸಾಕ್ಷಿ ಯಾರೆಂದು ಯಾರೂ ಬಹಳ ಹುಡುಕಲಿಲ್ಲ.

"ಬಾಯಿ ಇಲ್ಲದ್ದಕ್ಕ ಒಂದು ನೌಕರಿ ಸಿಕ್ತು ನೋಡು ನಿನಗ," ಎಂದಳು ಶಾಕಿರಾ. ಆಮೇಲೆ ಗಂಭೀರಳಾಗಿ, "ಗೋಡೆ ಮಾತಾಡಿದ್ರ ಮೇಡಂ ಹೋಗ್ತಾರಲ್ಲ?" ಎಂದಳು.

"ಮಾತಾಡೂದಿಲ್ಲ," ಎಂದೆ. ನನಗೆ ಅನುಮಾನವೇ ಇರಲಿಲ್ಲ. ಎರಡು ಸಲ ಒಂದೇ ಮಾತು ಆಡದವರಿಂದ ಗೋಡೆ ಏನು ಕಲಿತೀತು.

ಆ ಬೆಳಿಗ್ಗೆ ಮೇಡಂ ಕೋಣೆಯ ಹೊರಗಿನ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದರು. "ಶಾಲು ಹೊದ್ದು ಮನಿಯಾಗ ಏನು ಮಾಡ್ಲೆವಾ ನಾನು? ಗೋಡೆ ಅಂತೂ ಮನಿಯಾಗೂ ಅವ. ಅವಕ್ಕೇನು ಕೇಳೂದು?" ಎಂದರು. ನಗುತ್ತಲೇ ಅಂದರು, ಆದರೆ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ನಾನು ಸಮಾಧಾನದ ಒಂದು ಮಾತನ್ನಾದರೂ ಹೇಳಬಹುದಿತ್ತು. ತಲೆಯಾಡಿಸಿ ಒಳಗೆ ಹೋದೆ.

ಕುಲಸಚಿವರಾದ ಹಂಪಣ್ಣವರ ಎಂಬವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅವರ ಪಕ್ಕದಲ್ಲಿ ಮುದುಕರಾದ ನಾಡಗೌಡ ಮಾಸ್ತರರು. ಅವರಿಗೆ ಯಾವತ್ತೋ ಬಿಡುಗಡೆಯಾಗಿತ್ತು, ಅವರ ಕೋಣೆ ಈಗಲೂ ಕೆಳಗಿನ ಅಂತಸ್ತಿನಲ್ಲಿ ತಾನೇ ಗುಣಾಕಾರ ಹೇಳುತ್ತಿತ್ತು. ಗಂಟೆ ಹೊಡೆಯಿತು. ಗೋಡೆ ಸುಮ್ಮನಿತ್ತು. ಸುಣ್ಣದ ಮೇಲೆ ಒಂದು ಹಲ್ಲಿ ಓಡಿತು. ಹಂಪಣ್ಣವರ ಆಕಳಿಸಿದರು. ಗೆದ್ದೆವು ಎಂದುಕೊಂಡೆ.

ಆಗ ಬೆಂಚುಗಳ ನಡುವೆ ಸೀರೆ ಸರಿದ ಸದ್ದಾಯಿತು. ನಡೆಯುವವರು ಯಾರೂ ಇರಲಿಲ್ಲ.

"ಏನವಾ, ನಿನ್ನ ಹೆಸರೇನು?" ಎಂದಿತು ಗೋಡೆ. ಒಂದು ಸಂದು. "ಆ ಹೆಸರಲ್ಲ. ನಿನ್ನ ಹೆಸರು." ಮತ್ತೊಂದು ಸಂದು. "ಇದನ್ನ ನೋಡಿ ನಿನಗೇನು ಅನಸ್ತದ?"

ಆಮೇಲೆ ಗೋಡೆ ಕಾಯತೊಡಗಿತು. ಅದೇ ಕಾಯುವಿಕೆ. ಆ ಮೌನದಲ್ಲಿ ಬೆಂಚು ಕಿರುಗುಟ್ಟಿತು, ಯಾರದೋ ಬಳೆ ಸದ್ದಾಯಿತು, ದೂರದಲ್ಲಿ ಎಮ್ಮೆಗಳು ಹೊಳೆಗಿಳಿದವು, ಮತ್ತು ತರಗತಿಯಲ್ಲಿ ನಾನು ಕೂರುತ್ತಿದ್ದ ಮೂರನೇ ಬೆಂಚಿನ ಕಡೆಯಿಂದ ಚಿಟಕ್, ಚಿಟಕ್ ಎಂದು ಪೆನ್ನಿನ ಮುಚ್ಚಳದ ಸದ್ದು. ನನ್ನ ಪೆನ್ನು ಆಗ ನನ್ನ ಚೀಲದಲ್ಲಿತ್ತು.

"ಇರ್ಲಿ. ನಾಳೆ ವಿಚಾರ ಮಾಡ್ಕೊಂಡು ಬಾ."

ಆಗ ಅರ್ಥವಾಯಿತು. ಮೇಡಂ ಪಾಠವನ್ನು ಬದಲಿಸುತ್ತಲೇ ಇದ್ದರು, ಬದಲಾಗದೆ ಉಳಿದವರು ನಾವು. ವರ್ಷ ವರ್ಷವೂ ಅದೇ ತಪ್ಪು ಹೆಸರು ಹೇಳಿದೆವು, ಅದೇ ರೀತಿ ಸುಮ್ಮನೆ ಕೂತೆವು. ಪ್ರಶ್ನೆ, ನಮ್ಮ ಮೌನ, ನಾಳೆ ಬಾ. ಗೋಡೆಗೆ ಅಷ್ಟು ಸಾಕಾಗಿತ್ತು.

"ಸಣ್ಣ ಪಾಠ," ಎಂದರು ಹಂಪಣ್ಣವರ, ಪೆನ್ನು ತೆಗೆಯುತ್ತ. "ಆದ್ರ ಪಾಠ ಪಾಠನ. ಏನ್ರಿ ನಾಡಗೌಡ್ರ?"

"ಪಾಠ ಅಂತ ಅನ್ನಬಹುದು," ಎಂದರು ನಾಡಗೌಡರು, ಮನಸ್ಸಿಲ್ಲದ ಮನಸ್ಸಿನಿಂದ.

ಎರಡನೆಯ ಸಲವೂ ಎಡವಲಿಲ್ಲ. ಸೀರೆಯ ಸರಬರ, ಹೆಸರು, ಪ್ರಶ್ನೆ, ಚಿಟಕ್ ಚಿಟಕ್, ನಾಳೆ ಬಾ. ಕುಲಸಚಿವರು ಗಡಿಯಾರ ಕೈಗೆ ಕಟ್ಟಿಕೊಂಡರು. ಶಾಲು ತರಲು ಹೇಳಿಯಾಗಿತ್ತು. ಜವಾನ ಬಾಗಿಲಲ್ಲಿ ಹಿತ್ತಾಳೆಯ ತಟ್ಟೆ ಹಿಡಿದು ನಿಂತಿದ್ದ. ತೆರೆದ ಬಾಗಿಲಿನಿಂದ ಮೇಡಂ ಬೆನ್ನು ಕಾಣುತ್ತಿತ್ತು. ಅವರು ತಿರುಗಿ ನೋಡಲಿಲ್ಲ. ಅವರಿಗೂ ಎಲ್ಲ ಕೇಳಿಸುತ್ತಿತ್ತು.

ಮೂರನೆಯ ಸಲ ಸೀರೆ ಸರಿದುಬಂದು ನನ್ನೆದುರು ನಿಂತಿತು.

"ಏನವಾ, ನಿನ್ನ ಹೆಸರೇನು?"

"ಕುಮುದಿನಿ," ಎಂದೆ.

ನನ್ನ ದನಿ ನನಗೇ ಪರಕೀಯವಾಗಿ, ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಬೆಂಚೇ ಮಾತಾಡಿತೋ ಎಂಬಂತೆ ಕುಲಸಚಿವರು ನನ್ನನ್ನು ನೋಡಿದರು.

"ಆ ಹೆಸರಲ್ಲ. ನಿನ್ನ ಹೆಸರು," ಎಂದಿತು ಗೋಡೆ.

"ಅದ ನನ್ನ ಹೆಸರು. ಕುಮುದಿನಿ."

"ಇದನ್ನ ನೋಡಿ ನಿನಗೇನು ಅನಸ್ತದ?"

ಮೇಜಿನ ಮೇಲೆ ಏನೂ ಇರಲಿಲ್ಲ. ಆದರೂ ನನಗೆ ಕಂಡದ್ದು ಆ ಸೌಟು. ಎದ್ದು ನಿಂತೆ. ಹಿಂದೆ ಸರಿದ ಬೆಂಚು ಕಿರುಗುಟ್ಟಿತು. ಈ ಸಲ ಕಿರುಗುಟ್ಟಿದ್ದು ನಿಜವಾದ ಬೆಂಚು. "ಈ ಸೌಟು ಬಲಕ್ಕ ಸವೆದದ. ಇದನ್ನ ಹಿಡಿದಾಕಿ ಎಡಚಿ ಇದ್ಲು," ಎಂದೆ. "ವಾಡೆದಾಗ ಅದು ಯಾರಿಗೂ ಗೊತ್ತಿರಲಿಲ್ಲ ಅನಸ್ತದ. ಬಾಗಲಾ ಹಾಕ್ಕೊಂಡು ಅಡಗಿ ಮಾಡ್ತಿದ್ಲು. ಉಂಡವರಿಗೆ ಆಕಿ ಬಲಗೈ ಅಷ್ಟ ಗೊತ್ತು. ಸೌಟಿಗೆ ಎಡಗೈ ಗೊತ್ತು. ಹಂಗಾಗಿ..."

"ಇರ್ಲಿ," ಎಂದು ಗೋಡೆ ನನ್ನ ಮಾತಿನ ಮೇಲೆಯೇ ಹಾದುಹೋಯಿತು, "ನಾಳೆ ವಿಚಾರ ಮಾಡ್ಕೊಂಡು ಬಾ."

ನಾಡಗೌಡ ಮಾಸ್ತರರು ಗೋಡೆಯನ್ನೂ ನನ್ನನ್ನೂ ನೋಡಿದರು. "ಹುಡುಗಿ ಹೇಳ್ಲಿಕ್ಕತ್ತಾಳ, ಇದು ಕೇಳವಲ್ದು," ಎಂದರು. "ಹಂಪಣ್ಣವರ, ಇದಕ್ಕ ಕೇಳ್ಲಿಕ್ಕೆ ಬರೂದ ಇಲ್ಲರಿ."

"ಸಾಕ್ಷಿ ಬಾಯಿ ಬಿಟ್ಟಳು," ಎಂದರು ಹಂಪಣ್ಣವರ, ಕೆಂಪಾಗಿ. "ನಿಯಮದ ಪ್ರಕಾರ ಈ ಸಲದ ಗೋಡೆ ಕೇಳೂದು ಬಾದ, ಲೆಕ್ಕಕ್ಕಿಲ್ಲ. ಮುಂದಿನ ವರ್ಷ ನೋಡೋಣ. ಏ, ಆ ಶಾಲು ಒಳಗ ಇಡು. ನೀನು, ಏನು ನಿನ್ನ ಹೆಸರು?"

ಎರಡು ಸಲ ಹೇಳಿದ್ದೆ. ಮೂರನೆಯ ಸಲವೂ ಹೇಳಿದೆ.

"ಮೂಗಿ ಅಂತ ನಂಬಿ ಕೂರಿಸಿದ್ವಿ ನಿನ್ನ," ಎಂದು ಗೊಣಗುತ್ತ ಹೋದರು. ನಾಡಗೌಡರು ಹಿಂದೆ ಉಳಿದರು. ಕೆಳಗಿನಿಂದ ಅವರದೇ ಯೌವನದ ದನಿ ಗುಣಾಕಾರ ಹೇಳುವುದು ಕೇಳುತ್ತಿತ್ತು. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು, "ಏಳನೇ ಹೆಜ್ಜ್ಯಾಗ ಒಂದು ತಪ್ಪು ಅದ," ಎಂದರು. "ಅವತ್ತು ಯಾರರ ಕೈ ಎತ್ತಿದ್ರ ತಿದ್ಕೊಂತಿದ್ದೆ."

ನಾನು ಮೆಟ್ಟಿಲಿಗೆ ಬಂದಾಗ ಮೇಡಂ ಎದ್ದು ನಿಂತಿದ್ದರು. ಶಾಬಾಸ್ ಎನ್ನುತ್ತಾರೆಂದುಕೊಂಡೆ. ಅವರು ನನ್ನ ತೋಳು ಹಿಡಿದುಕೊಂಡು ಮೆಟ್ಟಿಲಿಳಿಯುತ್ತ ಕೇಳಿದರು: "ಎಡಚಿ ಅಂದಿ, ಒಪ್ಪಿದೆ. ಬಾಗಲಾ ಹಾಕ್ಕೊಂಡಿದ್ಲು ಅಂತ ಸೌಟಿಗೆ ಹೆಂಗ ಗೊತ್ತು? ಅದು ಎಲ್ಲಿಂದ ತಂದಿ?"

ನಾನು ಅವ್ವನ ಕಥೆ ಹೇಳಿದೆ. ಸೇತುವೆಯವರೆಗೂ ಹೇಳಿದೆ. ಅವರು ನಡುನಡುವೆ ಕೇಳುತ್ತ, ಒಮ್ಮೆ "ಅದು ನಿಮ್ಮವ್ವ. ಇದು ಆಕಿ ಅಲ್ಲ. ಜ್ವಾಕಿ" ಎನ್ನುತ್ತ ಬಂದರು. ಚಹಾದ ಅಂಗಡಿಯಲ್ಲಿ ಕೂತು ಎರಡು ಕಪ್ ಚಹಾ ಕುಡಿದೆವು, ಇಲ್ಲದ ಸೇತುವೆಯ ಬದಿಗೆ.

ಮುಂದಿನ ವರ್ಷದ ಸಾಕ್ಷಿಯಾಗಿ ಆಯ್ಕೆಯಾದ ಹುಡುಗಿ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದಳು. ನಾನು ಏನೂ ಹೇಳಿಕೊಡಲಿಲ್ಲ, ಹೇಳಿಕೊಟ್ಟಿದ್ದರೆ ಅದೂ ಪಾಠವಾಗುತ್ತಿತ್ತು. ಅವಳು ತನ್ನದೇ ಏನೋ ಹೇಳಿದಳಂತೆ. ಅದರ ಮುಂದಿನವನೂ. ಪ್ರತಿ ವರ್ಷ ಗೋಡೆ ಕೇಳುವುದು ಬಾದಾಗುತ್ತ, ಪ್ರತಿ ವರ್ಷ ಮೇಡಂ ಚೀಲ ಹಿಡಿದು ಮೆಟ್ಟಿಲು ಹತ್ತುತ್ತ, ಕಡೆಗೆ ಮೊಣಕಾಲು ಒಲ್ಲೆನೆಂದಾಗ ತಾವಾಗಿಯೇ ಬಿಟ್ಟು ಹೊಳೆಯಾಚೆಯ ತಂಗಿಯ ಮನೆಗೆ ಹೋದರು. ಶಾಲು ಬೇಡವೆಂದರು. ಹೋಗುವಾಗ ಸೌಟನ್ನು ನನಗೆ ಕೊಟ್ಟರು.

ನಾನೀಗ ವಿದ್ಯಾಪೀಠದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಮೇಡಂ ಕೋಣೆಯನ್ನು ಯಾವ ತರಗತಿಗೂ ಕೊಟ್ಟಿಲ್ಲ, ಅಲ್ಲಿ ಬರೆದುಕೊಳ್ಳುವಂಥದ್ದೇನೂ ಇಲ್ಲವಂತೆ. ಮಧ್ಯಾಹ್ನ ಹುಡುಗಿಯರು ರೊಟ್ಟಿ ಬಿಚ್ಚಿಕೊಂಡು ಕೂರುತ್ತಾರೆ. ಶನಿವಾರ ಅರ್ಧ ದಿನದ ರಜೆಯಲ್ಲಿ ನಾನೂ ಹೋಗಿ ಮೂರನೇ ಬೆಂಚಿನಲ್ಲಿ ಕೂರುವುದುಂಟು. ಆ ದನಿ ಕೇಳಬೇಕೆನಿಸುತ್ತದೆ. ತರ್ಕಶಾಸ್ತ್ರದ ಕೋಣೆಯ ಆ ಮುದುಕಿಯನ್ನು ಕಂಡು ನಾವು ನಕ್ಕದ್ದು ನೆನಪಾಗುತ್ತದೆ. ಗೋಡೆ ಹೆಸರು ಕೇಳುತ್ತದೆ, ಹೇಳುತ್ತೇನೆ, ಅದಲ್ಲ ಎನ್ನುತ್ತದೆ. ಕಾಯುತ್ತದೆ. ಆ ಮೌನದಲ್ಲಿ ನನ್ನ ಹಳೆಯ ಪೆನ್ನು ಚಿಟಕ್ ಎನ್ನುತ್ತದೆ, ಅಷ್ಟು ಹೆದರಿದ್ದ ಒಬ್ಬ ಹುಡುಗಿಯನ್ನು ಯಾರೋ ಎಲ್ಲೋ ಹಾಗೇ ಜೋಪಾನವಾಗಿ ಇಟ್ಟಿದ್ದಾರೆ ಅನಿಸುತ್ತದೆ.

ಹೋದ ಶನಿವಾರ ಸೌಟು ತೆಗೆದುಕೊಂಡು ಹೋಗಿದ್ದೆ. ಗೋಡೆ ಕೇಳಿತು. ನಾನು ಎಂದಿನಂತೆ ಎಡಚಿಯ ಬಗ್ಗೆ ಹೇಳಿದೆ. ಈಗೀಗ ಆ ಮಾತು ನೀರು ಕುಡಿದಷ್ಟು ಸುಲಭ. ಮುಂದಿನ ಬೆಂಚಿನಲ್ಲಿ ಉಣ್ಣುತ್ತಿದ್ದ ಒಬ್ಬಳು ಬಾಯಲ್ಲಿ ತುತ್ತು ಇಟ್ಟುಕೊಂಡೇ ತಿರುಗಿದಳು.

"ನನಗ ಹಂಗ ಅನಸೂದಿಲ್ರಿ ಅಕ್ಕಾ," ಎಂದಳು.

"ಯಾಕ?"

ಕೈ ಒರೆಸಿಕೊಂಡು ಸೌಟು ತೆಗೆದುಕೊಂಡಳು. "ದೊಡ್ಡ ಹಂಡೆ ಇತ್ತಂದ್ರ, ಗಿಡ್ಡ ಹೆಂಗಸು ಇದ್ಲಂದ್ರ, ಬಲಗೈಲೆನ ಹಂಡೆದ ಆಚಿ ದಂಡಿಯಿಂದ ತನ್ನ ಕಡೆ ಜಗ್ಗಿ ಕೆರೀತಾಳ. ಹಿಂಗ. ಆವಾಗೂ ಈ ಬಾಜೂನ ಸವಿತದ. ಎಡಚಿನ ಯಾಕ ಆಗಬೇಕು? ನಮ್ಮತ್ತಿ ಮದುವಿ ಮನಿಯೊಳಗ ಹಿಂಗ ಮಾಡ್ತಾಳ."

ಅವಳು ಗಾಳಿಯಲ್ಲಿ ಇಲ್ಲದ ಹಂಡೆಯನ್ನು ಕೆರೆದು ತೋರಿಸಿದಳು. ನಾನು ಸೌಟು ವಾಪಸು ತೆಗೆದುಕೊಂಡು ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ವರ್ಷ ಒಂದೇ ಮಾತನ್ನು ಒಂದೇ ದನಿಯಲ್ಲಿ ಯಾರಿಗೆ ಹೇಳುತ್ತ ಬಂದಿದ್ದೆನೋ. ಅವಳು ರೊಟ್ಟಿ ಮರೆತು ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.

"ಇರ್ಲಿ," ಎಂದೆ. "ನಾಳೆ ನಾನು ವಿಚಾರ ಮಾಡ್ಕೊಂಡು ಬರ್ತೀನಿ."